ಮೊದಲು ಓದಬೇಕಾದ ಹಾಳೆ

ಎದ್ದಾಗಿನಿಂದ ಗಂಟಲಲ್ಲಿ ಅನ್ನದ ಅಗುಳೊಂದು ಸಿಕ್ಕಿಕೊಂಡ ಹಾಗಿತ್ತು. ಮಿನೆಗಿಶಿ ಕೆಮ್ಮಿದ, ಬಿಸಿನೀರು ಕುಡಿದ, ಬಚ್ಚಲಿನ ಕನ್ನಡಿಯೆದುರು ನಿಂತು ಹೆಂಡತಿಗೆ ಕೇಳಿಸದಷ್ಟು ಮೆಲ್ಲಗೆ ‘ಕೆಳ ನ್ಯಾಯಾಲಯದ ತೀರ್ಪನ್ನು ರದ್ದುಗೊಳಿಸಲಾಗಿದೆ’ ಎಂದು ಹೇಳಿ ನೋಡಿದ. ಕೊನೆಯ ಶಬ್ದಕ್ಕೆ ಬರುವಷ್ಟರಲ್ಲಿ ದನಿ ಒಡೆಯಿತು. ಇವತ್ತು ಹತ್ತು ಗಂಟೆಗೆ ಹೈಕೋರ್ಟಿನ ಪೀಠದಲ್ಲಿ ಕೂತು ಈ ವಾಕ್ಯವನ್ನೂ, ಅದರ ಬೆನ್ನಿಗೇ ‘ಆರೋಪಿಗೆ ಜೀವಾವಧಿ ಶಿಕ್ಷೆ ವಿಧಿಸಲಾಗಿದೆ’ ಎಂಬ ಇನ್ನೊಂದನ್ನೂ ಓದಿಬಿಟ್ಟರೆ ಕಜಿವಾರಾ ಎಂಬವನ ಕುತ್ತಿಗೆಯಿಂದ ನೇಣು ಇಳಿದ ಹಾಗೆ. ಅಷ್ಟೇ ಕೆಲಸ. ವಸಂತಕ್ಕೆ ಮಿನೆಗಿಶಿಗೆ ಅರವತ್ತೈದು, ಅಂದರೆ ನಿವೃತ್ತಿ. ಇಂಥ ಮೊಕದ್ದಮೆ ಮತ್ತೆ ಅವನ ಮೇಜಿಗೆ ಬರುವುದಿಲ್ಲ. ಇದೊಂದನ್ನು ದಾಟಿಬಿಟ್ಟರೆ ಸಾಕು ಎಂದು ವಾರವಿಡೀ ತನಗೆ ತಾನೇ ಹೇಳಿಕೊಂಡಿದ್ದ. ಹಾಗೆ ಹೇಳಿಕೊಂಡಾಗಲೆಲ್ಲ ಸಾಕು ಎನ್ನುವುದು ಯಾರಿಗೆ, ಕಜಿವಾರಾನಿಗೋ ತನಗೋ ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು, ಅಟ್ಟಿದರೂ ಬಾಗಿಲಲ್ಲಿ ಬಂದು ಕೂರುವ ಬೆಕ್ಕಿನ ಹಾಗೆ.

ಫುಸಾಯೆ ಸಾರಿನ ಬಟ್ಟಲು ತಂದಿಟ್ಟು ಅವನ ಕೋಟಿನ ಹೆಗಲ ಮೇಲಿನ ಕೂದಲು ತೆಗೆದಳು. ಮದುವೆಯಾದಾಗಿನಿಂದ ಒಂದು ಸಲವೂ ಅವಳು ಇವತ್ತು ಏನು ತೀರ್ಪು ಎಂದು ಕೇಳಿದವಳಲ್ಲ. ಮೂರು ವರ್ಷಕ್ಕೊಮ್ಮೆ ಊರು, ಊರಿಗೊಂದು ಸರ್ಕಾರಿ ಮನೆ, ಮನೆಗೊಂದು ಅಳತೆಯ ಪರದೆ. ಹಳೆಯ ಪರದೆಗಳನ್ನು ಕತ್ತರಿಸಿ ಹೊಸ ಕಿಟಕಿಗಳಿಗೆ ಹೊಲಿಯುವುದರಲ್ಲೇ ಅವಳ ಪ್ರಾಯ ಕಳೆಯಿತು. ನ್ಯಾಯಾಧೀಶ ಬೀದಿಯ ಮೂಲೆಯ ಗಡಂಗಿನಲ್ಲಿ ಕೂರುವಂತಿಲ್ಲ, ಅಕ್ಕಪಕ್ಕದವರ ಜೊತೆ ಹೆಚ್ಚು ಬೆರೆಯುವಂತಿಲ್ಲ, ಯಾರ ಮನೆಯ ಹಣ್ಣಿನ ಬುಟ್ಟಿಯನ್ನೂ ಇಸಿದುಕೊಳ್ಳುವಂತಿಲ್ಲ. ಅವಳೂ ಇಸಿದುಕೊಳ್ಳಲಿಲ್ಲ. ಇವತ್ತು ಮಾತ್ರ ಅವಳು ಬಾಗಿಲಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತು, ರಾತ್ರಿಗೆ ಏನು ಮಾಡಲಿ ಎಂದು ಕೇಳಿದಳು. ಏನಾದರೂ ಮಾಡು ಎಂದ. ಏನಾದರೂ ಅನ್ನೋದು ಅಂಗಡೀಲಿ ಸಿಗಲ್ಲರೀ ಎಂದಳು. ನಗಬೇಕಿತ್ತು. ಅವನು ಬೂಟಿನ ದಾರ ಬಿಗಿದುಕೊಂಡು ಹೊರಟುಬಿಟ್ಟ.

ನಡೆದೇ ಹೋಗುವ ದಾರಿ. ಕಂಕುಳಲ್ಲಿ ನೇರಳೆ ಬಟ್ಟೆಯ ಗಂಟು. ಕಡತಗಳನ್ನು ಚೌಕದ ಬಟ್ಟೆಯಲ್ಲಿ ಗಂಟು ಕಟ್ಟಿ ಒಯ್ಯುವುದು ಹಳೆಯ ಕಾಲದ ನ್ಯಾಯಾಧೀಶರ ರೂಢಿ, ಈಗಿನವರು ಚಕ್ರದ ಚೀಲ ಎಳೆಯುತ್ತಾರೆ. ಆ ಬಟ್ಟೆಯನ್ನು ಅವನಿಗೆ ಕೊಟ್ಟಿದ್ದವನು ಮೊದಲ ನೌಕರಿಯ ಅಧ್ಯಕ್ಷ ನ್ಯಾಯಾಧೀಶ. ಕೊಡುತ್ತ, ಕುಡಿದ ಅಮಲಿನಲ್ಲಿ ಎಲ್ಲರೆದುರು, ‘ನಮ್ಮ ಮಿನೆಗಿಶಿಯ ತೀರ್ಪು ಹೊಲಿಗೆ ಗಟ್ಟಿ, ಬಟ್ಟೆ ಮಾತ್ರ ಗಿಡ್ಡ’ ಎಂದಿದ್ದ. ಎಲ್ಲರೂ ನಕ್ಕರು, ಇವನೂ ನಕ್ಕ, ಗೋಡೆಯ ಕಡೆ ತಿರುಗಿ ಪಾನೀಯ ಸುರಿದುಕೊಳ್ಳುತ್ತ ನಕ್ಕ. ಆ ಮಾತು ಇಷ್ಟು ವರ್ಷಗಳಾದ ಮೇಲೂ ಹೋಗಿಲ್ಲ. ಪ್ರತಿ ತೀರ್ಪು ಬರೆದಾಗಲೂ ಒಂದು ಎಳೆ ಬಿಡದೆ ಹೊಲಿದ, ಮೇಲಿನವರು ಎಲ್ಲೂ ಬೆರಳು ತೂರಿಸದ ಹಾಗೆ. ಬಟ್ಟೆ ಎಲ್ಲಿ ಗಿಡ್ಡವಾಗುತ್ತದೆ, ಯಾರ ಮೈಯನ್ನು ಮುಚ್ಚದೆ ಬಿಡುತ್ತದೆ ಎಂಬುದು ಮಾತ್ರ ಅವನಿಗೆ ಯಾವತ್ತೂ ತಿಳಿಯಲಿಲ್ಲ.

ಶಿರಾಹಾಮಾ ಎಂಬ ಆರೋಪಿಗೆ ಬರೆದ ಮರಣದಂಡನೆಯ ತೀರ್ಪೂ ಹಾಗೇ ಗಟ್ಟಿಯಾಗಿತ್ತು. ಬೇರೆ ಊರು, ಜಿಲ್ಲಾ ನ್ಯಾಯಾಲಯ, ಮಿನೆಗಿಶಿ ಆಗಷ್ಟೇ ಅಧ್ಯಕ್ಷನ ಕುರ್ಚಿಗೆ ಬಂದಿದ್ದ. ಉಳಿದೆಲ್ಲ ತೀರ್ಪುಗಳಲ್ಲಿ ಮೊದಲು ಶಿಕ್ಷೆ ಓದುತ್ತಾರೆ, ಕಾರಣಗಳು ಆಮೇಲೆ. ಮರಣದಂಡನೆಯಲ್ಲಿ ಮಾತ್ರ ತಿರುವುಮುರುವು: ಕಾರಣಗಳು ಮೊದಲು, ಶಿಕ್ಷೆ ಕಟ್ಟಕಡೆಗೆ. ಮೊದಲೇ ಸಾವು ಎಂದುಬಿಟ್ಟರೆ ಆಮೇಲಿನ ಒಂದು ಮಾತೂ ಆ ಮನುಷ್ಯನ ಕಿವಿಗೆ ಬೀಳುವುದಿಲ್ಲ, ತಾನು ಯಾಕೆ ಸಾಯುತ್ತೇನೆ ಎಂಬುದನ್ನಾದರೂ ಅವನು ಪೂರ್ತಿ ಕೇಳಿಸಿಕೊಳ್ಳಲಿ ಎಂಬ ದಯೆಯಂತೆ ಅದು. ಎಂಥ ದಯೆ! ಈ ರೂಢಿ ದೇಶಕ್ಕೆಲ್ಲ ಗೊತ್ತು. ಅಧ್ಯಕ್ಷ ಬಾಯಿಬಿಟ್ಟು ‘ಕಾರಣಗಳು’ ಎಂದ ಕ್ಷಣವೇ ಹಿಂದಿನ ಬೆಂಚಿನ ವರದಿಗಾರರು ಎದ್ದು ಓಡುತ್ತಾರೆ, ಕಾರಿಡಾರಿನಲ್ಲಿ ಬೂಟಿನ ಸದ್ದು, ಅಷ್ಟರಲ್ಲೇ ಎಲ್ಲರಿಗೂ ಎಲ್ಲ ತಿಳಿದಿರುತ್ತದೆ. ಶಿರಾಹಾಮಾ ಆ ಬೂಟಿನ ಸದ್ದು ಕೇಳಿ ಒಮ್ಮೆ ಹಿಂದೆ ತಿರುಗಿದ, ಮತ್ತೆ ಮುಂದೆ ನೋಡಿ, ಮಧ್ಯಾಹ್ನದವರೆಗೆ ಕೈಕಟ್ಟಿ ಕಾರಣಗಳನ್ನು ಕೇಳಿಸಿಕೊಂಡ. ಆಮೇಲೆ ಎಷ್ಟೋ ವರ್ಷ ಬಿಟ್ಟು ಒಂದು ಮಧ್ಯಾಹ್ನ, ಸ್ಟೇಷನ್ನಿನ ಎದುರಿನ ಸೋಬಾ ಶಾವಿಗೆಯ ಅಂಗಡಿಯಲ್ಲಿ ಅರ್ಧ ತಿಂದಿದ್ದಾಗ ಮೂಲೆಯ ಟಿವಿಯಲ್ಲಿ ಬೆಳಿಗ್ಗೆ ಅವನನ್ನು ನೇಣಿಗೇರಿಸಿದ ಸುದ್ದಿ ಬಂತು. ಅಂಗಡಿಯವಳು, ಅಯ್ಯೋ ಇನ್ನೂ ಬದುಕಿದ್ದನಾ ಇವನು ಎಂದಳು. ಮಿನೆಗಿಶಿ ತಲೆಯೆತ್ತಲಿಲ್ಲ. ಉಳಿದ ಎಳೆಗಳನ್ನು ತಿಂದ. ಸೋಬಾ ಬೇಯಿಸಿದ ಬಿಸಿನೀರನ್ನು ಬಟ್ಟಲಿನ ಸಾರಿಗೆ ಬೆರೆಸಿ, ಯಾವಾಗಲೂ ಮಾಡುವ ಹಾಗೆ, ಅದನ್ನೂ ಕುಡಿದ. ರುಚಿಯಾಗಿತ್ತು. ಅದೇ ಅವನಿಗೆ ಅರಗದ್ದು. ಊಟ ಬಿಟ್ಟೆದ್ದಿದ್ದರೆ, ಹೊರಗೆ ಹೋಗಿ ವಾಂತಿ ಮಾಡಿಕೊಂಡಿದ್ದರೆ, ಒಂದು ಲೆಕ್ಕಕ್ಕೆ ತೀರಿಹೋಗುತ್ತಿತ್ತು.

ಕಜಿವಾರಾ ಮೀನಿನ ಕಡುಬು ಮಾಡುವ ಕಾರ್ಖಾನೆಯ ಆಳು. ಯಜಮಾನನನ್ನೂ ಅವನ ಹೆಂಡತಿಯನ್ನೂ ಮೀನು ಸೀಳುವ ಚಾಕುವಿನಿಂದ ಕೊಂದಿದ್ದ. ಮೊದಲು ಅವನನ್ನು, ಆಮೇಲೆ ಸದ್ದು ಕೇಳಿ ಬಂದ ಅವಳನ್ನು. ಅವಳು ಬಾಗಿಲಿನವರೆಗೆ ತೆವಳಿದ್ದಳು. ಅಲ್ಲಿಗೂ ಹೋಗಿ ಮತ್ತೆ ಇರಿದ. ಇಪ್ಪತ್ತು ವರ್ಷ ತನ್ನನ್ನು ಹೆಸರು ಹಿಡಿದು ಕರೆಯದೆ ‘ಲೇ’ ಎನ್ನುತ್ತಿದ್ದರು ಎಂದು ಹೇಳಿಕೆ ಕೊಟ್ಟಿದ್ದ. ಕೆಳಗಿನ ಕೋರ್ಟಿನಲ್ಲಿ ನ್ಯಾಯಾಧೀಶರ ಪಕ್ಕದಲ್ಲಿ ಕೂತ ಊರಿನ ಸಾಮಾನ್ಯ ಜನ, ಅಂಗಡಿಯವರು, ಗೃಹಿಣಿಯರು, ಊಟ ನಿದ್ದೆ ಕೆಡಿಸಿಕೊಂಡು ಮರಣದಂಡನೆ ಎಂದಿದ್ದರು. ಅದರ ಮೇಲಿನ ಅಪೀಲು ಮಿನೆಗಿಶಿಯ ಪೀಠಕ್ಕೆ ಬಂತು. ಪೀಠದ ಮೂವರು ನ್ಯಾಯಾಧೀಶರ ಮುಚ್ಚಿದ ಕೋಣೆಯ ಸಮಾಲೋಚನೆಯಲ್ಲಿ ಚಿಕ್ಕವರು ಮೊದಲು ಮಾತಾಡಬೇಕು, ದೊಡ್ಡವರ ಮಾತು ಅವರನ್ನು ಎಳೆಯಬಾರದು ಅಂತ. ಎಡಗಡೆ ಕೂರುವ ಕುಬೋದೆರಾ, ನಲವತ್ತರ ಹೆಂಗಸು, ಇದು ಹಠಾತ್ತನೆ ಆದದ್ದು, ಜೀವಾವಧಿ ಸಾಕು ಎಂದಳು. ಬಲಗಡೆಯ ಓಗಿನೊ, ಐವತ್ತು ದಾಟಿದವನು, ಅವಳ ಮಾತು ಮುಗಿಯುವವರೆಗೆ ಕನ್ನಡಕ ಒರೆಸುತ್ತಿದ್ದು, ಬಾಗಿಲಿನವರೆಗೆ ತೆವಳಿದ ಹೆಂಗಸನ್ನು ಹಿಂಬಾಲಿಸಿ ಹೋದದ್ದು ಹಠಾತ್ತಲ್ಲ ಎಂದ. ಇಬ್ಬರೂ ಮಿನೆಗಿಶಿಯ ಕಡೆ ತಿರುಗಿದರು. ಓಗಿನೊನ ಮಾತೇ ಸರಿ ಎಂದು ಅವನಿಗೆ ಆ ಗಳಿಗೆಯಲ್ಲಿ ಹೊಳೆದಿತ್ತು, ಬೆಳಕಿನಷ್ಟು ಸ್ಪಷ್ಟವಾಗಿ. ಎರಡು ದಿನ ಕೊಡಿ ಎಂದ. ಆ ಎರಡು ದಿನ ಕಡತ ತೆಗೆಯಲೇ ಇಲ್ಲ. ಸೋಬಾ ಬಟ್ಟಲಿನ ತಳದಲ್ಲಿ ಉಳಿದ ಬಿಳಿ ಗಸಿಯೇ ಕಣ್ಣೆದುರು. ಸೋಮವಾರ ಬಂದು, ರದ್ದು ಮಾಡೋಣ ಎಂದ. ಓಗಿನೊ ಕನ್ನಡಕ ಏರಿಸಿಕೊಂಡು ಬಾಗಿ ವಂದಿಸಿದ, ಅಷ್ಟೇ. ಕುಬೋದೆರಾ ತೀರ್ಪಿನ ಕರಡು ಬರೆದಳು, ಮಿನೆಗಿಶಿ ತಿದ್ದಿದ. ಹೊಲಿಗೆ ಬಹಳ ಗಟ್ಟಿಯಾಗಿತ್ತು.

ಕಪ್ಪು ನಿಲುವಂಗಿ ತೊಟ್ಟು ಮೂವರೂ ಹಿಂಬಾಗಿಲಿನಿಂದ ಪೀಠ ಹತ್ತಿದರು. ಯಾವ ಬಣ್ಣ ಚೆಲ್ಲಿದರೂ ಹತ್ತದ್ದು ಕಪ್ಪು, ಅದಕ್ಕೇ ನ್ಯಾಯಾಧೀಶನಿಗೆ ಕಪ್ಪು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕಪ್ಪಿನ ಮೇಲೆ ಬಿದ್ದದ್ದು ಕಾಣುವುದಿಲ್ಲ ಅಷ್ಟೇ ಎಂದು ಈಗ ಅನ್ನಿಸುತ್ತದೆ. ಎಲ್ಲರೂ ಎದ್ದರು, ಬಾಗಿದರು, ಕೂತರು. ಆರೋಪಿಯನ್ನು ಕರೆತರುವ ಮೊದಲು ಟಿವಿಯವರಿಗೆ ಎರಡು ನಿಮಿಷ. ಕ್ಯಾಮರಾ ತಿರುಗುವಾಗ ಪೀಠದಲ್ಲಿ ಯಾರೂ ಅಲುಗುವಂತಿಲ್ಲ, ಕಣ್ಣು ಕೂಡ ಅತ್ತಿತ್ತ ಹೊರಳಿಸಬಾರದು. ಮಿನೆಗಿಶಿ ಎದುರಿನ ಗೋಡೆ ನೋಡುತ್ತ ಕೂತ. ಕಣ್ಣಂಚಿನಲ್ಲಿ ಮುಂದಿನ ಸಾಲಿನ ಹುಡುಗಿ ಕಾಣುತ್ತಿದ್ದಳು. ಸತ್ತವರ ಮಗಳು, ಮಿಹೊ, ಮಡಿಲಲ್ಲಿ ಎರಡು ಫೋಟೋ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದಳು. ಪ್ರತಿ ವಿಚಾರಣೆಗೂ ಬಂದಿದ್ದಳು. ಒಮ್ಮೆ ಸಾಕ್ಷಿಯ ಜಾಗದಲ್ಲಿ ನಿಂತು, ನನಗೆ ಸೇಡು ಗೀಡು ಬೇಡ, ಅಮ್ಮ ಬಾಗಿಲ ಹತ್ರ ಹೋದಾಗ ಏನನ್ಕೊಂಡಿರ್ತಾಳೆ ಅಂತ ಒಬ್ರಾದ್ರೂ ಯೋಚನೆ ಮಾಡಿದ್ರೆ ಸಾಕು ಎಂದಿದ್ದಳು. ಮಿನೆಗಿಶಿಯ ಅಂಗೈ ಬೆವರಿತು. ಅಂಗೈ ಕೆಳಗೆ ತೀರ್ಪಿನ ಕಟ್ಟು ಇತ್ತು, ಕೈ ಎತ್ತುವಂತಿರಲಿಲ್ಲ. ಮೇಲಿನ ರಟ್ಟಿಗೂ ಅದರ ಕೆಳಗಿನ ಹಾಳೆಗೂ ಆ ಬೆವರು ಇಳಿಯುವುದು ಅವನಿಗೆ ಗೊತ್ತಾಗುತ್ತಿತ್ತು.

ಕ್ಯಾಮರಾದವರು ಹೊರಟರು. ಕಾವಲಿನವರು ಕಜಿವಾರಾನನ್ನು ತಂದು ಕೈಕೋಳ, ಸೊಂಟದ ಹಗ್ಗ ಬಿಚ್ಚಿ ಎದುರಿಗೆ ನಿಲ್ಲಿಸಿದರು. ಕೂದಲು ಕತ್ತರಿಸಿಕೊಂಡು, ಎಲ್ಲಿಂದಲೋ ತಂದ, ತೋಳು ಉದ್ದವಾದ ಕೋಟು ತೊಟ್ಟಿದ್ದ. ಮಿನೆಗಿಶಿ ರಟ್ಟು ತಿರುಗಿಸಿ, ಕಣ್ಣಿಗೆ ಬಿದ್ದ ಶಬ್ದವನ್ನು ಓದಿದ. ದನಿ ಒಡೆಯಲಿಲ್ಲ. ಬೆಳಗಿನಿಂದ ಕಾಡಿದ ಗಂಟಲು ಎಷ್ಟು ತಿಳಿಯಾಗಿತ್ತೆಂದರೆ ಅವನಿಗೇ ಸಮಾಧಾನವಾಯಿತು.

“ಕಾರಣಗಳು,” ಎಂದ.

ಹಿಂದಿನ ಬೆಂಚುಗಳಲ್ಲಿ ಗದ್ದಲವಾಯಿತು. ಬಾಗಿಲು ತೆರೆಯಿತು, ಬೂಟಿನ ಸದ್ದು ಕಾರಿಡಾರಿನಲ್ಲಿ ದೂರವಾಯಿತು. ಇವರೆಲ್ಲ ಯಾಕೆ ಓಡುತ್ತಿದ್ದಾರೆ ಎಂದು ಮಿನೆಗಿಶಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಓದುತ್ತ ಹೋದ: ಆರೋಪಿ ಅಂದು ಸಂಜೆ ಚಾಕುವನ್ನು ಸಾಣೆಗೆ ಹಿಡಿದಿದ್ದನು. ಆಮೇಲೆ ಅರ್ಥವಾಯಿತು. ಮೊದಲು ಓದಬೇಕಾದ ಹಾಳೆ, ಶಿಕ್ಷೆಯ ಹಾಳೆ, ರಟ್ಟಿನ ಒಳಮೈಗೆ ಅಂಟಿಕೊಂಡು ಅದರ ಜೊತೆಗೇ ಮಗುಚಿಹೋಗಿತ್ತು. ಕಜಿವಾರಾ ಹಿಂದೆ ತಿರುಗಿ ಬಾಗಿಲು ನೋಡಿದ, ಶಿರಾಹಾಮಾ ನೋಡಿದ ಹಾಗೆಯೇ, ಮತ್ತೆ ಮುಂದೆ ತಿರುಗಿದ; ಉದ್ದನೆಯ ತೋಳಿನೊಳಗೆ ಅವನ ಕೈಗಳು ಕಾಣುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಮಿಹೊ ಮಡಿಲಿನ ಫೋಟೋಗಳ ಮೇಲೆ ಬಾಗಿದ್ದಳು. ಅವಳ ಹೆಗಲು ಅಲುಗುತ್ತಿತ್ತು. ಪಕ್ಕದ ಮುದುಕಿಯೊಬ್ಬಳು ಅವಳ ಬೆನ್ನು ಸವರುತ್ತಿದ್ದಳು, ಆಯ್ತು, ಆಯ್ತಲ್ಲ ಇನ್ನು, ಎಂದು ಬಾಯಿ ಆಡಿಸುವುದು ಪೀಠಕ್ಕೇ ಕಾಣುತ್ತಿತ್ತು.

ನಿಲ್ಲಿಸಬೇಕಿತ್ತು. ಅಲ್ಲಿ, ಆ ಗಳಿಗೆಯಲ್ಲಿ, ತಪ್ಪಾಯಿತು ಎಂದು ರಟ್ಟು ತೆರೆದು ಆ ಹಾಳೆ ಓದಬೇಕಿತ್ತು; ಮಗುವಿಗೂ ಗೊತ್ತಾಗುವ ಮಾತು. ಮಿನೆಗಿಶಿ ನಿಲ್ಲಿಸಲಿಲ್ಲ. ಈ ಪ್ಯಾರಾ ಮುಗಿಯಲಿ ಎಂದುಕೊಂಡ. ಮುಗಿಯಿತು. ಇನ್ನೊಂದು ಪ್ಯಾರಾ ತಾನಾಗಿ ಬಾಯಿಗೆ ಬಂತು. ಅಧ್ಯಕ್ಷನಾದವನು ಪೀಠದಲ್ಲಿ ತಡವರಿಸಿದ್ದು ಯಾರೂ ಕಂಡಿಲ್ಲ, ಅವಮಾನ ಅನ್ನುವುದು ಒಂದು ಕಾರಣ. ಆದರೆ ಅದೊಂದೇ ಅಲ್ಲ. ಅವನ ಕಂಠ ಗಟ್ಟಿಯಾಗಿ, ತುಂಬಿಕೊಂಡು, ಒಳಗೂ ಹೊರಗೂ ಒಂದೇ ಆದವನ ಕಂಠದ ಹಾಗೆ ಹರಿಯುತ್ತಿತ್ತು. ಯಜಮಾನನ ಹೆಂಡತಿ ಬಾಗಿಲಿನವರೆಗೆ ತೆವಳಿದಳು, ಆರೋಪಿ ಅವಳನ್ನು ಹಿಂಬಾಲಿಸಿದನು. ಇಷ್ಟು ವರ್ಷಗಳಲ್ಲಿ ಇಷ್ಟು ಚೆನ್ನಾಗಿ ಓದಿದ್ದೇ ಇಲ್ಲ ಎಂದು ಅನ್ನಿಸಿದಾಗ ಮೈ ಜುಮ್ಮೆಂದಿತು. ಬಲಗಡೆ ಓಗಿನೊ ನೆಟ್ಟಗೆ ಕೂತಿದ್ದ. ಅಧ್ಯಕ್ಷ ಓದುವಾಗ ಪಕ್ಕದವರು ನಡುವೆ ಬಾಯಿ ಹಾಕುವ ಸಂಪ್ರದಾಯವಿಲ್ಲ. ಏನೋ ಯೋಚಿಸಿಯೇ ಓದುತ್ತಿರಬೇಕು ಎಂದು ಇಬ್ಬರೂ ಕಾದರು, ಕಾದರು.

ಕೊನೆಗೆ ಎಡಗಡೆಯಿಂದ ಒಂದು ಕೈ ಬಂತು. ಕುಬೋದೆರಾ ಅವನ ಮುಖ ನೋಡಲಿಲ್ಲ. ಓದುತ್ತಿದ್ದ ಸಾಲಿನ ಮೇಲೆ ತನ್ನ ಅಂಗೈ ಇಟ್ಟಳು, ಇನ್ನೊಂದು ಕೈಯಿಂದ ರಟ್ಟಿಗೆ ಅಂಟಿದ ಹಾಳೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಅವನೆದುರು ಇಟ್ಟಳು. ಹಾಳೆಯ ಮೂಲೆ ಹರಿಯಿತು. ಇಡೀ ಕೋಣೆ ನೋಡಿತು.

“ಅಧ್ಯಕ್ಷರೇ, ಇದು ಮೊದಲು,” ಎಂದಳು, ಅವನಿಗಷ್ಟೇ ಕೇಳುವ ಹಾಗೆ.

ಮಿನೆಗಿಶಿ ಓದಿದ. ಕೆಳ ನ್ಯಾಯಾಲಯದ ತೀರ್ಪನ್ನು ರದ್ದುಗೊಳಿಸಲಾಗಿದೆ. ಇಲ್ಲಿ ದನಿ ಒಡೆಯಿತು. ಆರೋಪಿಗೆ ಜೀವಾವಧಿ. ಯಾರಿಗೂ ಅರ್ಥವಾಗಲಿಲ್ಲ. ಉಳಿದಿದ್ದ ಒಬ್ಬ ವರದಿಗಾರ ಎದ್ದ, ಕೂತ, ಮತ್ತೆ ಎದ್ದು ಓಡಿದ. ಮುದುಕಿಯ ಕೈ ಮಿಹೊಳ ಬೆನ್ನಿನ ಮೇಲೆಯೇ ನಿಂತುಬಿಟ್ಟಿತು. ಮಿಹೊ ತಲೆಯೆತ್ತಿದಳು. ಅಳುವುದಕ್ಕೆ ಶುರುಮಾಡಿದ ಮುಖ ಹಾಗೇ ಇತ್ತು, ಒಳಗಿನ ಅಳು ಮಾತ್ರ ಎಲ್ಲೋ ಹೋಗಿತ್ತು. ತಪ್ಪು ಒಪ್ಪಿಕೊಳ್ಳುವ ಮಾತೊಂದನ್ನು ಮಿನೆಗಿಶಿ ಹುಡುಕಿದ. ಓದುವ ಕ್ರಮದಲ್ಲಿ ವ್ಯತ್ಯಾಸವಾಗಿದೆ, ಕಾರಣಗಳನ್ನು ಮುಂದುವರಿಸುತ್ತೇನೆ ಎಂದ. ಅಷ್ಟೇ ಸಿಕ್ಕಿತು. ಆಮೇಲೆ ಮಧ್ಯಾಹ್ನದವರೆಗೆ ಓದಿದ. ಕಜಿವಾರಾನನ್ನು ಕುರ್ಚಿಯಲ್ಲಿ ಕೂರಿಸಬೇಕಾಯಿತು. ಅವನ ಕಿವಿಗೆ ಒಂದು ಮಾತೂ ಬೀಳುತ್ತಿರಲಿಲ್ಲ. ಮಿಹೊ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದೊಂದು ವಾಕ್ಯವನ್ನೂ, ಇದರಲ್ಲಿರಬಹುದು, ಇದರಲ್ಲಿರಬಹುದು ಎನ್ನುವ ಹಾಗೆ ಕೇಳಿದಳು.

ಮುಗಿದ ಮೇಲೆ ಕಜಿವಾರಾ ಎದ್ದು ನಿಂತ. ಏನಾದರೂ ಹೇಳುವುದಿದೆಯೇ ಎಂದು ಯಾರೂ ಕೇಳಿರಲಿಲ್ಲ.

“ಸ್ವಾಮಿ, ಇದೇ ಕಡೇದಾ? ಇನ್ನೊಂದ್ಸಲ ಹಾಳೆ ತಿರುಗ್ಸಲ್ಲ ಅಲ್ವಾ?”

ಹೌದು ಎನ್ನಲು ಮಿನೆಗಿಶಿಗೆ ಅಧಿಕಾರವಿರಲಿಲ್ಲ. ಹದಿನಾಲ್ಕು ದಿನಗಳೊಳಗೆ ಎರಡೂ ಕಡೆಯವರು ಸುಪ್ರೀಂ ಕೋರ್ಟಿಗೆ ಹೋಗಬಹುದು ಎಂದು ತಿಳಿಸುವುದು ನಿಯಮ. ಅದನ್ನೇ ಹೇಳಿದ. ಕಜಿವಾರಾ ಹಾಂ ಎಂದು ತಲೆಯಾಡಿಸಿ, ಕೈಕೋಳಕ್ಕೆ ತಾನಾಗಿ ಕೈ ಚಾಚಿದ.

ಒಳಗಿನ ಕೋಣೆಯಲ್ಲಿ ಮೂವರೂ ನಿಲುವಂಗಿ ಕಳಚಿದರು. ಕುಬೋದೆರಾ ಕಣ್ಣು ತುಂಬಿಕೊಂಡು, ನಾನು ಬೇಗ ಕೈ ಇಡಬೇಕಿತ್ತು, ಕ್ಷಮಿಸಿ ಎಂದು ಬಾಗಿದಳು. ತಪ್ಪು ಮಾಡಿದವನು ನಿಂತೇ ಇದ್ದ, ಮಾಡದವಳು ಬಾಗಿದಳು. ಮಿನೆಗಿಶಿ ಹಾಳೆ ಅಂಟಿತ್ತು ಎಂದ. ಓಗಿನೊ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು, ಹೌದು ಅಂಟಿತ್ತು ಎಂದು ಒಪ್ಪಿ, ಬಾಗಿಲವರೆಗೆ ಹೋಗಿ ತಿರುಗಿ, ಅಷ್ಟು ಒಳ್ಳೆಯ ದನಿ ನಿಮ್ಮದು ಅಂತ ನನಗೆ ಗೊತ್ತೇ ಇರಲಿಲ್ಲ ಅಧ್ಯಕ್ಷರೇ ಎಂದ. ಹೊಗಳಿಕೆಯೋ ಚುಚ್ಚೋ, ಅವನ ಮುಖದಲ್ಲಿ ಏನೂ ಇರಲಿಲ್ಲ. ಮುಖ್ಯ ನ್ಯಾಯಾಧೀಶರ ಕೋಣೆಯಿಂದ ಕರೆ ಬಂತು. ಅವರು ಚಹಾ ಕೊಟ್ಟು, ಹವಾಮಾನದ ಮಾತಾಡಿ, ವಸಂತದವರೆಗೆ ಆರೋಗ್ಯ ನೋಡಿಕೊಳ್ಳಿ ಎಂದರು. ಇನ್ನು ದೊಡ್ಡ ಮೊಕದ್ದಮೆ ನಿಮ್ಮ ಪೀಠಕ್ಕಿಲ್ಲ ಎಂಬುದನ್ನು ಅದಕ್ಕಿಂತ ಮೆದುವಾಗಿ ಹೇಳಲು ಬರುವುದಿಲ್ಲ. ಮಿನೆಗಿಶಿಗೆ ನಾಚಿಕೆಯಾಯಿತು, ಆಮೇಲೆ, ಅದರ ಕೆಳಗೇ, ನಿರಾಳವಾಯಿತು. ಆ ನಿರಾಳಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಫುಸಾಯೆ ಅಡುಗೆಮನೆಯಲ್ಲಿ ಟಿವಿ ಆರಿಸಿ ಕೂತಿದ್ದಳು. ಒಲೆಯ ಮೇಲೆ ಪಾತ್ರೆ, ಅರ್ಧ ಹೆಚ್ಚಿದ ಮೂಲಂಗಿ ಮಣೆಯ ಮೇಲೇ ಇತ್ತು. ಗಂಟು ಇಸಿದುಕೊಂಡಳು. ಬಟ್ಟೆ ಬದಲಾಯಿಸಿ ಬಂದು ಅವನು ಕೂತಮೇಲೆ, ಟಿವಿಯಲ್ಲಿ ಮೊದಲು ಮರಣದಂಡನೆ ಅಂತ ಬಂತು, ಆಮೇಲೆ ಬದಲಾಯಿಸಿದರು, ಅಲ್ಲಿವರೆಗೆ ನನಗೆ ಚಾಕು ಹಿಡಿಯೋಕಾಗಲಿಲ್ಲ ಎಂದಳು. ಹಾಳೆ ಅಂಟಿತ್ತು ಎಂದು ಅವನು ಎರಡನೆಯ ಸಲ ಹೇಳಿದ.

“ನಾನು ಯಾವತ್ತೂ ಕೇಳ್ದೋಳಲ್ಲ. ಇವತ್ತೊಂದಿನ ಕೇಳ್ತೀನಿ,” ಎಂದಳು ಫುಸಾಯೆ, ಮೂಲಂಗಿಯನ್ನೇ ನೋಡುತ್ತ. “ನಿಮ್ಮ ಮನಸ್ಸಲ್ಲಿದ್ದಿದ್ದು ಯಾವ್ದು?”

ಸಮಾಲೋಚನೆಯ ಗುಟ್ಟು ಎನ್ನುವುದು ಅವನ ಬಾಯಿಗೆ ಜೀವಮಾನವಿಡೀ ಹಾಕಿದ್ದ ಬೀಗ. ಎಷ್ಟು ಅನುಕೂಲದ ಬೀಗ! ಮಕ್ಕಳಿಗೆ, ಸಂಬಂಧಿಕರಿಗೆ, ತನಗೆ ತಾನೇ, ಎಲ್ಲದಕ್ಕೂ ಅದನ್ನೇ ತೋರಿಸಿಕೊಂಡು ಬಂದಿದ್ದ. ಕಿಟಕಿಯಲ್ಲಿ ಮೂರು ಊರುಗಳ ಪರದೆ ಸೇರಿಸಿ ಹೊಲಿದ ಪರದೆ ಅಲುಗಿತು.

“ಮೊದಲು ಬಂದಿದ್ದು,” ಎಂದ.

ಮತ್ತೆ ಯಾಕೆ ಹೀಗೆ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ, ತಿರುಗಿ ನೋಡಿದಳು. ಇನ್ನೊಂದು ಸಲ ಆ ಸುದ್ದಿ ಕೇಳಿಕೊಂಡು ಊಟ ಮಾಡೋದು ನನ್ನ ಕೈಲಾಗ್ತಿರಲಿಲ್ಲ ಎಂದ. ಯಾವ ಸುದ್ದಿ, ಯಾವ ಊಟ, ಅವಳಿಗೆ ಹೇಗೆ ತಿಳಿಯಬೇಕು. ಆದರೂ ತಿಳಿದವಳ ಹಾಗೆ ಮೂಲಂಗಿ ಹೆಚ್ಚತೊಡಗಿದಳು.

“ಹೋಗ್ಲಿ ಬಿಡಿ. ಬದುಕ್ಕೊಂಡೋನಿಗೆ ಕಾರಣ ತಗೊಂಡು ಏನಾಗ್ಬೇಕು.”

ನಿಜ, ಕಜಿವಾರಾನಿಗೆ ಬೇಡ. ಅವನು ಕೇಳಲೂ ಇಲ್ಲ. ಕೇಳಿದವಳು ಆ ಹುಡುಗಿ. ಕೊಟ್ಟದ್ದನ್ನು ಕೈಯಿಂದ ಕಿತ್ತುಕೊಂಡಮೇಲೂ ಎದ್ದುಹೋಗದೆ ಕೂತು, ಮಧ್ಯಾಹ್ನದವರೆಗೆ ಒಂದೊಂದು ವಾಕ್ಯದಲ್ಲೂ ಕಾರಣ ಹುಡುಕಿದಳು. ಅದು ಆ ಕಟ್ಟಿನ ಯಾವ ಹಾಳೆಯಲ್ಲೂ ಇರಲಿಲ್ಲ. ಅದು ಈಗ ಈ ಅಡುಗೆಮನೆಯಲ್ಲಿತ್ತು, ಮೂಲಂಗಿಯ ವಾಸನೆಯ ನಡುವೆ, ಅವಳಿಗೆ ಯಾವತ್ತೂ ಕೇಳಿಸದಷ್ಟು ದೂರದಲ್ಲಿ. ಫುಸಾಯೆ ಅನ್ನ ಬಡಿಸಿ ಎದುರು ಕೂತಳು. ಮಿನೆಗಿಶಿಗೆ ಹಸಿವಾಗಿತ್ತು. ಊಟದ ಕಡ್ಡಿ ಎತ್ತಿಕೊಂಡು, ಬಟ್ಟಲನ್ನು ಬಾಯಿಗೆ ಹತ್ತಿರ ಹಿಡಿದು, ಒಂದಗುಳೂ ಬಿಡದೆ ತಿಂದ.